ಅಟ್ಟದಿಂದ ಇಳಿದ ಕಂಪ್ಯೂಟರ್‌ಗಳು: ನೀವು ಕೇಳಿದ್ದು, ನಾನು ಹೇಳಿದ್ದು

ಹೋದ ಸಂಚಿಕೆಯಲ್ಲಿ ಹಳೇ ರೇಡಿಯೋ ರಿಪೇರಿ ಬಗ್ಗೆ ಬರೆಯುವಾಗ, ಎಂಬತ್ತರ ದಶಕದ ಮನೆ ಕಂಪ್ಯೂಟರ್‌ಗಳ ಬಗ್ಗೆ ಪ್ರಶ್ನೆ ಇದ್ದರೂ ಕಳಿಸಿ ಎಂದು ಕೊನೆಗೆ ಒಂದು ಸಾಲು ಸೇರಿಸಿದ್ದೆ. ಸುಮ್ನೆ ಹೇಳಿದ್ದು. ಈಗ ನೋಡಿದರೆ ರೇಡಿಯೋ ಕಾಗದಗಳಿಗಿಂತ ಇವೇ ಜಾಸ್ತಿ. ನಿವೃತ್ತಿಯಾಗುವವರೆಗೂ ಟಿವಿ, ಟೇಪ್ ರೆಕಾರ್ಡರ್, ಕಂಪ್ಯೂಟರ್ ಬೋರ್ಡುಗಳ ಟೆಸ್ಟ್ ಬೆಂಚಿನ ಮುಂದೆ ಕೂತವಳು ನಾನು. ಉತ್ತರಗಳಲ್ಲಿ ಸೋಲ್ಡರ್ ವಾಸನೆ ಸ್ವಲ್ಪ ಹೆಚ್ಚೇ ಇದ್ದರೆ ಸಹಿಸಿಕೊಳ್ಳಿ.

ಪ್ರಶ್ನೆ: ಮೇಡಂ, ಹನುಮಂತನಗರದ ನಮ್ಮ ಹಳೇ ಮನೆ ಖಾಲಿ ಮಾಡುವಾಗ ಅಟ್ಟದ ಮೇಲೆ ಸೋದರಮಾವನ ಕಂಪ್ಯೂಟರ್ ಸಿಕ್ಕಿತು. ಕಪ್ಪು ಬಣ್ಣ. ಕೀಬೋರ್ಡೇ ಕಂಪ್ಯೂಟರ್. ಮೇಲೆ 'ಡಿಬಿ ಸ್ಪೆಕ್ಟ್ರಮ್' ಅಂತ ಬರೆದಿದೆ. ಜೊತೆಗೆ ಭಾರದ ಒಂದು ಅಡಾಪ್ಟರ್, ಬಿಸ್ಕತ್ ಡಬ್ಬಿ ತುಂಬ ಕ್ಯಾಸೆಟ್. ಪ್ಲಗ್ ಹಾಕಿ ನೋಡಲಾ?

ಉತ್ತರ: ಬೇಡ. ಇನ್ನೂ ಒಂದು ವಾರ ಪ್ಲಗ್ ಹತ್ತಿರ ಅದನ್ನು ತರಬೇಡಿ.

ಸಿಕ್ಕಿರುವುದು ಒಳ್ಳೇ ಮಾಲು. ಇಂಗ್ಲೆಂಡಿನ ಸಿಂಕ್ಲೇರ್ ಕಂಪನಿ 1982ರ ಏಪ್ರಿಲ್‌ನಲ್ಲಿ ಝಡ್‌ಎಕ್ಸ್ ಸ್ಪೆಕ್ಟ್ರಮ್ ಬಿಡುಗಡೆ ಮಾಡಿತು. ಅದಕ್ಕೆ ರಬ್ಬರ್ ಕೀಗಳು. 1984ರಲ್ಲಿ ಗಟ್ಟಿ ಪ್ಲಾಸ್ಟಿಕ್ ಕೀಗಳ ಸ್ಪೆಕ್ಟ್ರಮ್ ಪ್ಲಸ್ ಬಂತು. ನಮ್ಮ ದೇಶದಲ್ಲಿ ಡೆಸಿಬೆಲ್ಸ್ ಎಲೆಕ್ಟ್ರಾನಿಕ್ಸ್ ಲೈಸೆನ್ಸ್ ಪಡೆದು 1986ರಲ್ಲಿ ಇದನ್ನೇ ಡಿಬಿ ಸ್ಪೆಕ್ಟ್ರಮ್ ಹೆಸರಿನಲ್ಲಿ ಮಾರಾಟಕ್ಕೆ ತಂದಿತು. ಒಳಗೆ ಝಡ್80 ಪ್ರೊಸೆಸರ್, ವೇಗ 3.5 ಮೆಗಾಹರ್ಟ್ಸ್, ಮೆಮೊರಿ 48 ಕೆಬಿ. ವಾಟ್ಸಾಪ್‌ನಲ್ಲಿ ಬರುವ ಶುಭೋದಯದ ಚಿತ್ರ ಕೂಡ ಅದರಲ್ಲಿ ಹಿಡಿಯುವುದಿಲ್ಲ. ಅಷ್ಟರಲ್ಲೇ ಜನ ಇಡೀ ಆಟಗಳನ್ನು ಬರೆದರು.

ಅಪಾಯ ಇರುವುದು ಅಡಾಪ್ಟರ್‌ನಲ್ಲಿ. ಇದಕ್ಕೆ ಬೇಕಾದ್ದು 9 ವೋಲ್ಟ್ ಡಿಸಿ. ಆದರೆ ಪಿನ್ ಉಲ್ಟಾ: ನಡುವಿನ ತೂತು ಮೈನಸ್, ಹೊರಗಿನ ಲೋಹ ಪ್ಲಸ್. ಇವತ್ತಿನ ಅಡಾಪ್ಟರ್‌ಗಳಲ್ಲಿ ಸಾಮಾನ್ಯವಾಗಿ ನಡುವೆ ಪ್ಲಸ್ ಇರುತ್ತದೆ. ಹಳೇದು ಕೆಟ್ಟಿದೆ, ವೈಫೈ ರೂಟರ್‌ನದ್ದು ಸರಿಯಾಗಿ ಕೂರುತ್ತೆ ಅಂತ ಚುಚ್ಚಿದಿರೋ, ಮುಗಿಯಿತು ಕತೆ. ಒಂದು ಮಲ್ಟಿಮೀಟರ್ ತಗೊಳ್ಳಿ. ಅಡಾಪ್ಟರ್ ಒಂದನ್ನೇ ಪ್ಲಗ್ ಹಾಕಿ ಅಳೆಯಿರಿ. ಒಂಬತ್ತರ ಬದಲು ಹನ್ನೆರಡು, ಹದಿಮೂರು ವೋಲ್ಟ್ ತೋರಿಸಿದರೆ ಗಾಬರಿ ಬೇಡ. ಹಳೇ ಟ್ರಾನ್ಸ್‌ಫಾರ್ಮರ್ ಅಡಾಪ್ಟರ್‌ಗಳು ಲೋಡ್ ಇಲ್ಲದಾಗ ಹಾಗೇ ತೋರಿಸುತ್ತವೆ. ಒಯರ್ ಸಿಪ್ಪೆ ಬಿರುಕು ಬಿಟ್ಟಿದ್ದರೆ, ಪ್ಲಗ್ ಹಾಕಿದಾಗ ಸುಟ್ಟ ವಾಸನೆ ಬಂದರೆ ಅದನ್ನು ಬದಿಗಿಡಿ. ಹೊಸ ಅಡಾಪ್ಟರ್ ತಂದು ಪಿನ್ ಬದಲಿಸಿಕೊಡಲು ಗೊತ್ತಿರುವವರಿಗೆ ಹೇಳಿ.

ಆಮೇಲೆ ಕೆಳಗಿನ ಸ್ಕ್ರೂ ಬಿಚ್ಚಿ ಮುಚ್ಚಳ ಮೆಲ್ಲಗೆ ಎತ್ತಿ. ಕೀಬೋರ್ಡಿನಿಂದ ಬೋರ್ಡಿಗೆ ಎರಡು ತೆಳ್ಳನೆ ಪ್ಲಾಸ್ಟಿಕ್ ಪಟ್ಟಿಗಳು ಹೋಗಿರುತ್ತವೆ. ಇಷ್ಟು ವರ್ಷ ಆದ ಮೇಲೆ ಅವು ಹಪ್ಪಳ ಇದ್ದ ಹಾಗೆ. ಬಗ್ಗಿಸಿದರೆ ಮುರಿಯುತ್ತವೆ. ಮುರಿದರೂ ಚಿಂತೆಯಿಲ್ಲ, ಆ ಪಟ್ಟಿಗಳಿರುವ ಕೀಬೋರ್ಡ್ ಪೊರೆಯನ್ನು ಈಗಲೂ ಹೊಸದಾಗಿ ಮಾಡಿ ಮಾರುವವರು ಇಂಗ್ಲೆಂಡಿನಲ್ಲಿದ್ದಾರೆ. ತರಿಸಿಕೊಳ್ಳಬಹುದು.

ಟಿವಿಗೆ ಜೋಡಿಸುವುದು ಆಂಟೆನಾ ಒಯರ್ ಹಾಕುವ ತೂತಿಗೆ. ಟಿವಿ ಮೆನುವಿನಲ್ಲಿ ಅನಲಾಗ್ ಟ್ಯೂನಿಂಗ್‌ಗೆ ಹೋಗಿ ಯುಎಚ್‌ಎಫ್ 36ನೇ ಚಾನೆಲ್ ಸುತ್ತ ಹುಡುಕಿ. ನಿಮ್ಮದು ಬರೀ ವಿಎಚ್‌ಎಫ್ ಇರುವ ದೂರದರ್ಶನ ಕಾಲದ ಟಿವಿಯಾದರೆ ಏನು ಮಾಡಿದರೂ ಸಿಗುವುದಿಲ್ಲ. ಒಳಗೆ ಚಿತ್ರವನ್ನು ಆಂಟೆನಾ ಸಿಗ್ನಲ್ ಮಾಡುವ ಮಾಡ್ಯುಲೇಟರ್ ಇದೆ; ಅದನ್ನು ತಪ್ಪಿಸಿ ನೇರವಾಗಿ ವಿಡಿಯೋ ಸಿಗ್ನಲ್ ಹೊರಗೆ ತರುವುದು ಸಣ್ಣ ಕೆಲಸ. ಟಿವಿ ರಿಪೇರಿ ಬಲ್ಲ ಯಾರಾದರೂ ಮಾಡುತ್ತಾರೆ. ಆಗ ಟಿವಿಯ ಹಳದಿ ಪಿನ್ನಿಗೇ ಹಾಕಬಹುದು.

ಪರದೆ ಬೆಳ್ಳಗಾಗಿ, ಕೆಳಗೆ ಒಂದು ಸಾಲು ಕಾಪಿರೈಟ್ ಬರಹ ಬಂದರೆ ಯಂತ್ರ ಬದುಕಿದೆ. ಚೌಕಳಿ, ಪಟ್ಟೆ, ಕಸ ಬಂದರೆ ತಕ್ಷಣ ಆಫ್ ಮಾಡಿ. ಇದರ ಕೆಳ ಮೆಮೊರಿಯ ಚಿಪ್‌ಗಳಿಗೆ ಪ್ಲಸ್ 5, ಮೈನಸ್ 5, ಪ್ಲಸ್ 12, ಹೀಗೆ ಮೂರು ವೋಲ್ಟೇಜ್ ಬೇಕು. ಅವನ್ನು ತಯಾರಿಸುವ ಜಾಗದಲ್ಲಿ ಟಿಆರ್4 ಎಂಬ ಒಂದು ಪುಟ್ಟ ಟ್ರಾನ್ಸಿಸ್ಟರ್ ಇದೆ. ಅದು ಸತ್ತರೆ ಮೆಮೊರಿಯನ್ನೂ ಜೊತೆಗೆ ಕರೆದುಕೊಂಡು ಹೋಗುತ್ತದೆ. ಇದು ಸ್ಪೆಕ್ಟ್ರಮ್ ರಿಪೇರಿ ಮಾಡುವವರಿಗೆಲ್ಲ ಗೊತ್ತಿರುವ ರೋಗ. ಔಷಧಿಯೂ ಗೊತ್ತಿದೆ.

ಇಷ್ಟೆಲ್ಲ ಹೇಳಿದೆ. ಆದರೆ ನಿಮ್ಮ ಕಾಗದ ಓದಿದಾಗ ನನ್ನ ಕಣ್ಣು ಹೋಗಿದ್ದು ಕಂಪ್ಯೂಟರ್ ಮೇಲಲ್ಲ, ಬಿಸ್ಕತ್ ಡಬ್ಬಿ ಮೇಲೆ. ಯಂತ್ರ ಕೆಟ್ಟರೆ ಇನ್ನೊಂದು ಸಿಗುತ್ತದೆ. ಅಚ್ಚಾದ ಲೇಬಲ್ ಇರುವ ಇಂಗ್ಲಿಷ್ ಆಟಗಳನ್ನು ಹೊರದೇಶದವರು ಆಗಲೇ ನೂರು ಕಡೆ ಕಾಪಿ ಇಟ್ಟಿದ್ದಾರೆ. ನಿಮ್ಮ ಮಾವ ಬಾಲ್‌ಪೆನ್ನಿನಲ್ಲಿ ಹೆಸರು ಬರೆದ ಕ್ಯಾಸೆಟ್ ಇದೆಯಲ್ಲ, ಅದು ಪ್ರಪಂಚದಲ್ಲಿ ಒಂದೇ. ಅಂಥವನ್ನು ಬೇರೆ ಎತ್ತಿಟ್ಟು ಮುಂದಿನ ಉತ್ತರ ಓದಿ.

ಪ್ರಶ್ನೆ: 1987ರಲ್ಲಿ ಕಾಲೇಜಿನಲ್ಲಿದ್ದಾಗ ಸ್ಪೆಕ್ಟ್ರಮ್‌ಗೆ ನಾನೇ ಬರೆದ ಪಂಚಾಂಗ ಲೆಕ್ಕದ ಪ್ರೋಗ್ರಾಂ ಒಂದು ಕ್ಯಾಸೆಟ್ಟಿನಲ್ಲಿದೆ. ಟೇಪ್ ರೆಕಾರ್ಡರೂ ಇಲ್ಲ, ಕಂಪ್ಯೂಟರೂ ಇಲ್ಲ. ಉಳಿಸಬಹುದೇ? — ಮಲ್ಲೇಶ್ವರದ ಒಬ್ಬ ಓದುಗರು

ಉತ್ತರ: ಖಂಡಿತ ಪ್ರಯತ್ನಿಸಬಹುದು. ಕ್ಯಾಸೆಟ್ಟಿನಲ್ಲಿ ಇರುವುದು ಬರೀ ಶಬ್ದ. ಆ ಶಬ್ದವನ್ನು ಚೆನ್ನಾಗಿ ಹಿಡಿದರೆ ಪ್ರೋಗ್ರಾಂ ಹೊರಗೆ ಬರುತ್ತದೆ.

ಮೊದಲು ಒಂದು ಒಳ್ಳೇ ಪ್ಲೇಯರ್ ಬೇಕು. ನೆಂಟರ ಮನೆಯಲ್ಲಿ ಟು-ಇನ್-ವನ್ ಇದೆಯಾ ಕೇಳಿ. ಇಲ್ಲದಿದ್ದರೆ ಚಿಕ್ಕಪೇಟೆ ಕಡೆ ಸಂಡೆ ಬಜಾರ್‌ನಲ್ಲಿ ಬೆಳಗ್ಗೆ ಬೇಗ ಹೋಗಿ ಹುಡುಕಿ. ಕೈಯಲ್ಲಿ ಒಂದು ಹಾಡಿನ ಕ್ಯಾಸೆಟ್, ನಾಲ್ಕು ಸೆಲ್ ಇರಲಿ. ಅಲ್ಲೇ ಹಾಕಿ ಕೇಳಿ. ಹಾಡುವವರ ದನಿ ಅಲುಗಾಡುತ್ತಿದ್ದರೆ ಬೆಲ್ಟ್ ಸಡಿಲ. ಏನೂ ತಿರುಗದಿದ್ದರೆ ಬೆಲ್ಟ್ ಕರಗಿ ಅಂಟಾಗಿರುತ್ತದೆ. ಬೆಲ್ಟ್ ಹೊಸದು ಹಾಕಬಹುದು. ಎಸ್.ಪಿ. ರೋಡಿನ ಒಳಗಲ್ಲಿಗಳಲ್ಲಿ ಹಳೇದನ್ನು ತೋರಿಸಿ ಅಳತೆಗೆ ಕೇಳಿ. ಕ್ಯಾಸೆಟ್ಟನ್ನು ಯುಎಸ್‌ಬಿಗೆ ಹಾಕುತ್ತೇವೆ ಎಂದು ಆನ್‌ಲೈನ್‌ನಲ್ಲಿ ಮಾರುವ ಅಗ್ಗದ ಪ್ಲಾಸ್ಟಿಕ್ ಡಬ್ಬಿಗಳಿವೆ. ನನಗೆ ಅವು ಕಂಡರಾಗದು. ವೇಗ ಒಂದೇ ಸಮ ಇರುವುದಿಲ್ಲ. ಹಾಡಿಗೆ ನಡೆಯುತ್ತದೆ, ಡೇಟಾಗೆ ನಡೆಯುವುದಿಲ್ಲ.

ನಿಮ್ಮ ಕ್ಯಾಸೆಟ್ಟನ್ನು ಬೆಳಕಿಗೆ ಹಿಡಿದು ನೋಡಿ. ರೀಲಿನ ಅಂಚಿನಲ್ಲಿ ಬಿಳಿ ಪುಡಿ ಕಂಡರೆ ಅದು ಬೂಷ್ಟು. ಬೆಂಗಳೂರಿನ ಮಳೆಗಾಲದ ಕಾಣಿಕೆ. ಅದನ್ನು ಹಾಗೇ ಓಡಿಸಿದರೆ ಹೆಡ್ಡಿಗೂ ಅಂಟಿ, ಮುಂದಿನ ಕ್ಯಾಸೆಟ್ಟಿಗೂ ಹೋಗುತ್ತದೆ. ಮೊದಲು ಒರೆಸಬೇಕು. ರೀಲಿನ ಹಿಂದೆ ಒಂದು ಚಿಕ್ಕ ಬಟ್ಟೆಯ ದಿಂಬು ಇರುತ್ತದೆ, ಹೆಡ್ಡಿಗೆ ರೀಲು ಒತ್ತುವುದಕ್ಕೆ. ಅದು ಉದುರಿದ್ದರೆ ರೀಲನ್ನು ಬೇರೆ ಕ್ಯಾಸೆಟ್ಟಿನ ಡಬ್ಬಿಗೆ ವರ್ಗಾಯಿಸಿ. ಹಿಂಬದಿಯ ಎರಡು ಪ್ಲಾಸ್ಟಿಕ್ ಎಸಳು ಮುರಿದುಬಿಡಿ. ಕೈತಪ್ಪಿ ರೆಕಾರ್ಡ್ ಒತ್ತಿದರೂ ಅಳಿಸುವುದಿಲ್ಲ. ಹೆಡ್ಡನ್ನು ಐಸೋಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಹತ್ತಿಯಿಂದ ಒರೆಸಿ. ಒಂದು ಸಲ ಪೂರ್ತಿ ಮುಂದಕ್ಕೆ, ಒಂದು ಸಲ ಪೂರ್ತಿ ಹಿಂದಕ್ಕೆ ಓಡಿಸಿ.

ಈಗ ಮುಖ್ಯ ವಿಷಯ. ಹೆಡ್ಡಿನ ಪಕ್ಕದಲ್ಲಿ ಒಂದು ಚಿಕ್ಕ ಸ್ಕ್ರೂ ಇದೆ. ನೀವು ಅಂದು ರೆಕಾರ್ಡ್ ಮಾಡಿದ ಯಂತ್ರದ ಹೆಡ್ಡು ಎಷ್ಟು ಓರೆ ಇತ್ತೋ, ಇಂದು ಓದುವ ಹೆಡ್ಡೂ ಅಷ್ಟೇ ಓರೆ ಇರಬೇಕು. ಸ್ಕ್ರೂ ಎಲ್ಲಿತ್ತು ಅಂತ ಪೆನ್ನಿನಲ್ಲಿ ಗುರುತು ಮಾಡಿ. ಕ್ಯಾಸೆಟ್ ಓಡುತ್ತಿರುವಾಗ ಕೂದಲೆಳೆಯಷ್ಟು ಆಚೆ ಈಚೆ ತಿರುಗಿಸಿ. ಶಬ್ದ ಎಲ್ಲಿ ಅತಿ ಚೂಪಾಗಿ ಕೇಳುತ್ತದೋ ಅಲ್ಲಿ ನಿಲ್ಲಿಸಿ. ಮಂದವಾಗಿ, ಗೋಡೆಯಾಚೆಯಿಂದ ಬಂದಂತೆ ಕೇಳಿದರೆ ಅದು ಸರಿಯಲ್ಲ. ಓದಲಾಗದ ಕ್ಯಾಸೆಟ್ಟುಗಳಲ್ಲಿ ಎಷ್ಟೋ ಇದೊಂದರಿಂದಲೇ ಸರಿಹೋಗುತ್ತವೆ.

ಪ್ಲೇಯರ್‌ನ ಇಯರ್‌ಫೋನ್ ತೂತಿನಿಂದ ಕಂಪ್ಯೂಟರಿನ ಲೈನ್-ಇನ್‌ಗೆ ಒಯರ್ ಹಾಕಿ. ಲ್ಯಾಪ್‌ಟಾಪ್‌ನಲ್ಲಿ ಲೈನ್-ಇನ್ ಇಲ್ಲದಿದ್ದರೆ ಅದು ಇರುವ ಚಿಕ್ಕ ಯುಎಸ್‌ಬಿ ಸೌಂಡ್ ಕಾರ್ಡ್ ತಗೊಳ್ಳಿ. ಆಡಾಸಿಟಿ ಎಂಬ ಉಚಿತ ತಂತ್ರಾಂಶದಲ್ಲಿ 44,100 ಹರ್ಟ್ಸ್‌ನಲ್ಲಿ ರೆಕಾರ್ಡ್ ಮಾಡಿ. ವೇವ್ ಫೈಲ್ ಆಗಿಯೇ ಉಳಿಸಿ. ಎಂಪಿ3 ಬೇಡವೇ ಬೇಡ. ಡಾಲ್ಬಿ, ನಾಯ್ಸ್ ರಿಡಕ್ಷನ್, ಎಲ್ಲಾ ಆಫ್. ಅಲೆಯ ತಲೆ ಕತ್ತರಿಸಿದಂತೆ ಕಾಣದಷ್ಟಕ್ಕೆ ವಾಲ್ಯೂಮ್ ಇಡಿ.

ಕಿವಿಗೊಟ್ಟು ಕೇಳಿ. ಮೊದಲು ಸುಮಾರು 800 ಹರ್ಟ್ಸ್‌ನ ಒಂದೇ ಸಮನೆ ಕೂಗು, ಐದು ಸೆಕೆಂಡ್. ಆಮೇಲೆ ಕ್ಷಣ ಮಾತ್ರ ಒಂದು ಗರಗರ. ಅದು 17 ಬೈಟ್‌ನ ತಲೆಬರಹ. ಅದರಲ್ಲಿ ಹತ್ತು ಅಕ್ಷರದ ಜಾಗ ಪ್ರೋಗ್ರಾಂ ಹೆಸರಿಗೆ. ನಿಮ್ಮ ಪಂಚಾಂಗದ ಹೆಸರು ಆ ಗರಗರದೊಳಗಿದೆ. ಮತ್ತೆ ಚಿಕ್ಕ ಕೂಗು, ಆಮೇಲೆ ಉದ್ದನೆಯ ಗರಗರ. ಅದೇ ಪ್ರೋಗ್ರಾಂ. ಪ್ರತಿ ತುಣುಕಿನ ಕೊನೆಯಲ್ಲಿ ತಾಳೆ ನೋಡುವ ಒಂದು ಬೈಟ್ ಇರುತ್ತದೆ. ಹಾಗಾಗಿ ಸರಿಯಾಗಿ ಬಂತೋ ಇಲ್ಲವೋ ಅಂತ ಊಹೆ ಮಾಡಬೇಕಿಲ್ಲ, ಯಂತ್ರವೇ ಹೇಳುತ್ತದೆ.

ಈಗಿನ ಕಂಪ್ಯೂಟರಿನಲ್ಲೇ ಹಳೇ ಯಂತ್ರದಂತೆ ನಡೆಯುವ ತಂತ್ರಾಂಶಕ್ಕೆ ಎಮ್ಯುಲೇಟರ್ ಅನ್ನುತ್ತಾರೆ. ಫ್ಯೂಸ್ ಎಂಬ ಸ್ಪೆಕ್ಟ್ರಮ್ ಎಮ್ಯುಲೇಟರ್ ಜೊತೆಗಿನ ಉಪಕರಣಗಳಲ್ಲಿ 'ಆಡಿಯೋ-ಟು-ಟೇಪ್' ಅಂತ ಒಂದಿದೆ. ಅದು ವೇವ್ ಫೈಲನ್ನು ಸ್ಪೆಕ್ಟ್ರಮ್ ಓದುವ ಫೈಲಾಗಿ ಮಾಡುತ್ತದೆ. ಸ್ಟೀರಿಯೋದಲ್ಲಿ ರೆಕಾರ್ಡ್ ಮಾಡಿದ್ದರೆ ಎಡಗಡೆಯದನ್ನು ಮಾತ್ರ ಕೊಟ್ಟು ನೋಡಿ, ಆಗದಿದ್ದರೆ ಬಲಗಡೆಯದು. ಆಗಿನವರು ಸಾಮಾನ್ಯವಾಗಿ ಭಯಕ್ಕೆ ಒಂದೇ ಪ್ರೋಗ್ರಾಂನ್ನು ಎರಡು ಸಲ ಸೇವ್ ಮಾಡುತ್ತಿದ್ದರು. ಎರಡನೇದು ಇದೆಯಾ ಹುಡುಕಿ. ಕೆಲಸ ಮುಗಿದ ಮೇಲೂ ವೇವ್ ಫೈಲ್ ಅಳಿಸಬೇಡಿ. ಮುಂದೆ ಇನ್ನೂ ಚೆನ್ನಾಗಿ ಓದುವ ತಂತ್ರಾಂಶ ಬರಬಹುದು.

ಪ್ರಶ್ನೆ: ಅಕ್ಕ, ನಾನು ಯಲಹಂಕದಲ್ಲಿ ಇಂಜಿನಿಯರಿಂಗ್ ಓದ್ತಿದೀನಿ. ಹಳೇ ಕಂಪ್ಯೂಟರ್ ಒಂದು ಕೊಳ್ಳಬೇಕು ಅಂತ ಆಸೆ. ಬಜೆಟ್ ಕಮ್ಮಿ. ಯಾವುದು ತಗೊಳ್ಳಲಿ?

ಉತ್ತರ: ಯಾವುದೂ ಬೇಡ ತಮ್ಮಾ. ಈಗಲೇ ಬೇಡ.

ನಿನಗೆ ಏನು ಬೇಕು ಅಂತ ಮೊದಲು ತಿಳಿದುಕೋ. ಆಟ ಆಡಬೇಕಾ, ಪ್ರೋಗ್ರಾಂ ಬರೆಯಬೇಕಾ, ಇಲ್ಲ ಸೋಲ್ಡರಿಂಗ್ ಐರನ್ ಹಿಡಿಯಬೇಕಾ? ಮೊದಲೆರಡಕ್ಕೆ ನಿನ್ನ ಲ್ಯಾಪ್‌ಟಾಪೇ ಸಾಕು. ಎಮ್ಯುಲೇಟರ್‌ಗಳಿವೆ: ಸ್ಪೆಕ್ಟ್ರಮ್‌ಗೆ ಫ್ಯೂಸ್, ಅದೇ ಕಾಲದ ಯಂತ್ರಗಳಾದ ಕಮೊಡೋರ್ 64ಕ್ಕೆ ವೈಸ್, ಬಿಬಿಸಿ ಮೈಕ್ರೋಗೆ ಬೀಬ್‌ಎಮ್. ಎಲ್ಲವೂ ಉಚಿತ. ಬಿಬಿಸಿ ಮೈಕ್ರೋಗೆ ಜೆಎಸ್‌ಬೀಬ್ ಎಂಬುದೂ ಇದೆ, ಬ್ರೌಸರ್‌ನಲ್ಲೇ ಓಡುತ್ತದೆ. ಏನೂ ಹಾಕಿಕೊಳ್ಳಬೇಕಿಲ್ಲ. ಒಂದು ತಿಂಗಳು ಇವುಗಳಲ್ಲಿ ಕೈಯಾಡಿಸು. ಬೇಜಾರಾದರೆ ದುಡ್ಡು ಉಳಿಯಿತು. ಆಗದಿದ್ದರೆ ಯಾವ ಯಂತ್ರ ಬೇಕು ಅಂತ ನಿನಗೇ ಗೊತ್ತಾಗಿರುತ್ತದೆ.

ಶುರು ಮಾಡುವುದಕ್ಕೆ ಒಂದು ಕೆಲಸ ಕೊಡುತ್ತೇನೆ. ಫ್ಯೂಸ್‌ನಲ್ಲಿ ಕನ್ನಡದ ಒಂದು ಅಕ್ಷರ ಬರೆ. ಸ್ಪೆಕ್ಟ್ರಮ್‌ನಲ್ಲಿ ಒಂದು ಅಕ್ಷರ ಅಂದರೆ ಎಂಟು ಸಾಲು, ಸಾಲಿಗೆ ಎಂಟು ಚುಕ್ಕಿ. ನಿನ್ನದೇ ಅಕ್ಷರ ಮಾಡಿಕೊಳ್ಳಲು ಇಪ್ಪತ್ತೊಂದು ಜಾಗ ಬಿಟ್ಟಿದ್ದಾರೆ. ನಾನು 'ಠ' ಆರಿಸುತ್ತೇನೆ. ಇಂಟರ್ನೆಟ್ ತುಂಬ ದುರುಗುಟ್ಟಿ ನೋಡುವ ಮುಖದ ಕಣ್ಣಾಗಿ ಓಡಾಡುತ್ತದಲ್ಲ, ಅದೇ ನಮ್ಮ ಠ. ಕನ್ನಡ ಬಾರದವರಿಗೂ ಪರಿಚಯ. ಚೌಕಳಿ ಹಾಳೆ ತಗೊಂಡು ತಲೆಕಟ್ಟು, ಸುತ್ತು, ನಡುವೆ ಬೊಟ್ಟು ಇಡು. ಚುಕ್ಕಿಗೆ ಒಂದು, ಖಾಲಿಗೆ ಸೊನ್ನೆ ಅಂತ ಸಾಲು ಸಾಲಾಗಿ ಬೈನರಿ ಲೆಕ್ಕ ಹಾಕಿದರೆ ನನಗೆ ಬಂದ ಸಂಖ್ಯೆಗಳು: 126, 24, 60, 66, 90, 66, 60, 0. ಇವನ್ನು, ಮೆಮೊರಿಗೆ ಸಂಖ್ಯೆ ಹಾಕುವ ಪೋಕ್ ಆಜ್ಞೆಯಿಂದ ಒಂದರ ಕೆಳಗೊಂದು 'ಎ' ಜಾಗಕ್ಕೆ ತುಂಬು. ಯುಎಸ್‌ಆರ್ ಎ ಎಂದರೆ ಆ ಜಾಗದ ವಿಳಾಸ, ಅದಕ್ಕೆ ಸೊನ್ನೆಯಿಂದ ಏಳರವರೆಗೆ ಕೂಡಿಸುತ್ತಾ ಹೋಗು. ಆಮೇಲೆ ಕ್ಯಾಪ್ಸ್ ಶಿಫ್ಟ್ ಜೊತೆ 9 ಒತ್ತಿ ಗ್ರಾಫಿಕ್ಸ್ ಮೋಡ್‌ಗೆ ಹೋಗಿ 'ಎ' ಒತ್ತು. ಪರದೆ ಮೇಲೆ ಠ ನಿಂತಿರುತ್ತದೆ.

ಈಗ 'ಸ್ತ್ರೀ' ಬರೆಯಲು ಹೋಗು. ಒತ್ತಕ್ಷರಕ್ಕೆ ಎಂಟು ಸಾಲಿನಲ್ಲಿ ಜಾಗ ಎಲ್ಲಿದೆ? ಗುಣಿತಾಕ್ಷರಗಳಿಗೆ ಇಪ್ಪತ್ತೊಂದು ಜಾಗ ಎಲ್ಲಿ ಸಾಲುತ್ತದೆ? ಎರಡು ಚೌಕ ಜೋಡಿಸಬೇಕಾ, ಕೆಳಗಿನ ಸಾಲಿಗೆ ಇಳಿಸಬೇಕಾ? ಇದನ್ನು ಬಿಡಿಸುತ್ತಾ ಕೂತರೆ ನಿನ್ನ ಕಾಲೇಜಿನ ಮೈಕ್ರೋಪ್ರೊಸೆಸರ್ ಪಾಠ ತಾನಾಗಿ ತಲೆಗೆ ಹೋಗುತ್ತದೆ.

ಮೂರನೇ ಆಸೆ, ಅಂದರೆ ರಿಪೇರಿ ಇದ್ದರೆ, ಓಡುತ್ತಿರುವ ಯಂತ್ರಕ್ಕೆ ದುಡ್ಡು ಸುರಿಯಬೇಡ. ಕೆಟ್ಟದ್ದನ್ನೇ ಹುಡುಕು. ಗುಜರಿ ಅಂಗಡಿಯಲ್ಲಿ ಏನು ಬೇಕು ಅಂತ ಮುಖದಲ್ಲಿ ತೋರಿಸಬೇಡ, ಅಷ್ಟೇ. 'ವಿಂಟೇಜ್' ಎಂಬ ಮಾತು ಅವರಿಗೂ ಗೊತ್ತಾಗಿದೆ.

ಪ್ರಶ್ನೆ: ನನ್ನ ಮಗ ದಿನಾ ಹಳೇ ಕಂಪ್ಯೂಟರ್ ಆಟಗಳನ್ನು ಡೌನ್‌ಲೋಡ್ ಮಾಡುತ್ತಾನೆ. ಕೇಳಿದರೆ 'ಹಳೇದಪ್ಪ, ಯಾರೂ ಕೇಳಲ್ಲ' ಅಂತಾನೆ. ಇದು ಕಳ್ಳತನವಲ್ಲವೇ? ವೈರಸ್ ಬರುವುದಿಲ್ಲವೇ? — ನಿವೃತ್ತ ಬ್ಯಾಂಕ್ ನೌಕರರು, ಬಸವನಗುಡಿ

ಉತ್ತರ: ಯಾರೂ ಕೇಳಲ್ಲ ಎನ್ನುವುದು ಬೇರೆ, ಹಕ್ಕು ಇಲ್ಲ ಎನ್ನುವುದು ಬೇರೆ. ಮಗನಿಗೆ ಇದನ್ನು ಹೇಳಿ. ನಮ್ಮ 1957ರ ಕಾಪಿರೈಟ್ ಕಾಯ್ದೆ ಕಂಪ್ಯೂಟರ್ ಪ್ರೋಗ್ರಾಂಗಳನ್ನೂ ಸಾಹಿತ್ಯ ಕೃತಿಯೆಂದೇ ಎಣಿಸುತ್ತದೆ. ಬರೆದವರ ಆಯುಷ್ಯ, ಅದರ ಮೇಲೆ 60 ವರ್ಷ. ಎಂಬತ್ತರ ದಶಕದಲ್ಲಿ ಈ ಆಟ ಬರೆದವರಲ್ಲಿ ಎಷ್ಟೋ ಜನ ಆಗಿನ್ನೂ ಹುಡುಗರು. ಇಂದಿಗೂ ಗಟ್ಟಿಮುಟ್ಟಾಗಿದ್ದಾರೆ. ಹಾಗಾಗಿ ಲೆಕ್ಕ ಇನ್ನೂ ಶುರುವೇ ಆಗಿಲ್ಲ.

ಆದರೆ ಈ ಲೋಕದಲ್ಲಿ ಒಂದಿಷ್ಟು ಸಜ್ಜನಿಕೆ ಇದೆ. ಸಿಂಕ್ಲೇರ್‌ನ ಕಂಪ್ಯೂಟರ್ ವ್ಯವಹಾರವನ್ನು 1986ರಲ್ಲಿ ಆಮ್‌ಸ್ಟ್ರಾಡ್ ಕಂಪನಿ ಕೊಂಡಿತು. 1999ರಲ್ಲಿ ಅದೇ ಕಂಪನಿ, ಕಾಪಿರೈಟ್ ಬರಹ ತೆಗೆಯಬೇಡಿ, ದುಡ್ಡು ತಗೋಬೇಡಿ, ಮಿಕ್ಕಂತೆ ಸ್ಪೆಕ್ಟ್ರಮ್‌ನ ರೋಮ್ ಚಿಪ್ಪಿನೊಳಗೆ ಶಾಶ್ವತವಾಗಿ ಇರುವ ತಂತ್ರಾಂಶವನ್ನು ಎಮ್ಯುಲೇಟರ್ ಜೊತೆ ಹಂಚಿಕೊಳ್ಳಿ ಎಂದು ಒಪ್ಪಿಗೆ ಕೊಟ್ಟಿತು. ಅದರಿಂದಲೇ ಫ್ಯೂಸ್‌ನಂಥವು ಧೈರ್ಯವಾಗಿ ನಡೆಯುತ್ತಿವೆ. 1984ರಲ್ಲಿ ಬಿಬಿಸಿ ಮೈಕ್ರೋಗೆ ಬಂದ 'ಎಲೀಟ್' ಆಟ ಬರೆದ ಇಬ್ಬರಲ್ಲಿ ಒಬ್ಬರಾದ ಇಯಾನ್ ಬೆಲ್, ಅದನ್ನು ತಮ್ಮದೇ ತಾಣದಲ್ಲಿ ಇಟ್ಟಿದ್ದಾರೆ. ಹಾಗೆಯೇ ಬೇಡ ಎಂದವರೂ ಇದ್ದಾರೆ. ಅಲ್ಟಿಮೇಟ್, ಕೋಡ್‌ಮಾಸ್ಟರ್ಸ್ ಎಂಬ ಕಂಪನಿಗಳ ಆಟಗಳ ಹಂಚಿಕೆಗೆ ಒಪ್ಪಿಗೆ ಸಿಗಲಿಲ್ಲ. ವರ್ಲ್ಡ್ ಆಫ್ ಸ್ಪೆಕ್ಟ್ರಮ್ ಎಂಬ ಸಂಗ್ರಹ 1995ರಿಂದ ಇದೆ. ಅವರು ಅಂಥ ಆಟಗಳ ಹೆಸರು ಇಟ್ಟು ಫೈಲ್ ತೆಗೆದರು. ನನ್ನ ಅಭಿಪ್ರಾಯ ಕೇಳಿದರೆ, ಇಂಥ ಜವಾಬ್ದಾರಿ ಇರುವ ಕಡೆಯಿಂದ ಮಾತ್ರ ತಗೊಳ್ಳಲಿ. ಸ್ಪೆಕ್ಟ್ರಮ್‌ಗೆ ಸ್ಪೆಕ್ಟ್ರಮ್ ಕಂಪ್ಯೂಟಿಂಗ್ ಎಂಬ ಇನ್ನೊಂದು ಸಂಗ್ರಹವೂ ಇದೆ. ಇವತ್ತಿಗೂ ಈ ಯಂತ್ರಗಳಿಗೆ ಹೊಸ ಆಟ ಬರೆದು ಉಚಿತವಾಗಿಯೋ ಸಣ್ಣ ಬೆಲೆಗೋ ಕೊಡುವವರಿದ್ದಾರೆ. ಅವನ್ನು ಕೊಂಡರೆ ಮನಸ್ಸಿಗೂ ಹಿತ.

ವೈರಸ್ ವಿಷಯಕ್ಕೆ ಸುಲಭದ ಪರೀಕ್ಷೆ ಇದೆ. 48 ಕೆಬಿ ಯಂತ್ರದ ಆಟ ಎಂಬಿಗಟ್ಟಲೆ ಇರಲು ಸಾಧ್ಯವಿಲ್ಲ. ಕಮೊಡೋರ್‌ನ ಡಿಸ್ಕ್ ಫೈಲ್ ಸಾಮಾನ್ಯವಾಗಿ 1,74,848 ಬೈಟ್ ಇರುತ್ತದೆ. ಆಟ ಬೇಕು ಎಂದರೆ ವಿಂಡೋಸ್‌ನಲ್ಲಿ ಓಡುವ ಇನ್‌ಸ್ಟಾಲರ್ ಕೊಡುವ ತಾಣ ಬಿಟ್ಟು ಎದ್ದು ಬರಲಿ. ಇನ್ನೊಂದು ಗೊಂದಲ: ಟ್ಯಾಪ್ ಎಂಬ ಬಾಲವಿರುವ ಫೈಲ್ ಸ್ಪೆಕ್ಟ್ರಮ್‌ಗೂ ಇದೆ, ಕಮೊಡೋರ್‌ಗೂ ಇದೆ. ಎರಡೂ ಬೇರೆ. ಅದು ಓಡದಿದ್ದರೆ ಫೈಲ್ ಕೆಟ್ಟಿದೆ ಅಂತಲ್ಲ, ಯಂತ್ರ ತಪ್ಪು.

ನಿಜವಾದ ಸ್ಪೆಕ್ಟ್ರಮ್‌ಗೆ ತುಂಬಿಸಬೇಕಾದರೆ ಫೋನೇ ಟೇಪ್ ರೆಕಾರ್ಡರ್. ಫೈಲನ್ನು ವೇವ್ ಮಾಡಿ, ಫೋನಿನಿಂದ ಒಯರ್ ಮೂಲಕ ಯಂತ್ರದ ಇಯರ್ ತೂತಿಗೆ ಹಾಕಿ. ಬ್ಲೂಟೂತ್ ಬೇಡ. ವಾಲ್ಯೂಮ್ ಪೂರ್ತಿ. ಸ್ಪೆಕ್ಟ್ರಮ್‌ನಲ್ಲಿ 'ಜೆ' ಒತ್ತಿದರೆ ಲೋಡ್ ಎಂಬ ಪೂರ್ತಿ ಪದ ಬರುತ್ತದೆ. ಸಿಂಬಲ್ ಶಿಫ್ಟ್ ಜೊತೆ 'ಪಿ' ಎರಡು ಸಲ, ಆಮೇಲೆ ಎಂಟರ್. ಪರದೆಯ ಅಂಚಿನಲ್ಲಿ ಕೆಂಪು, ತಿಳಿನೀಲಿ ಪಟ್ಟೆ ನಿಧಾನ ಓಡಿದರೆ ಕೂಗು ಕೇಳಿಸಿದೆ. ನೀಲಿ, ಹಳದಿ ಪಟ್ಟೆ ದಡಬಡ ಓಡಿದರೆ ಡೇಟಾ ಬರುತ್ತಿದೆ. ನಾಲ್ಕೈದು ನಿಮಿಷ ಕಾಯಬೇಕು. ಫೋನನ್ನು ಫ್ಲೈಟ್ ಮೋಡ್‌ಗೆ ಹಾಕುವುದು ಮರೆಯಬೇಡಿ. ಮೂರೂಮುಕ್ಕಾಲನೇ ನಿಮಿಷಕ್ಕೆ ಒಂದು ವಾಟ್ಸಾಪ್ ಟಿಂಗ್ ಅಂದರೆ ಮತ್ತೆ ಮೊದಲಿಂದ.

ಪ್ರಶ್ನೆ: ನಾನು ಶಾಲಾ ಶಿಕ್ಷಕಿಯಾಗಿದ್ದೆ. ನಮ್ಮ ಶಾಲೆಯ ಉಗ್ರಾಣದಲ್ಲಿ ಕ್ಲಾಸ್ ಎಂಬ ಕಂಪ್ಯೂಟರ್ ಕಲಿಕೆ ಯೋಜನೆಯಲ್ಲಿ ಬಂದ ಬಿಬಿಸಿ ಕಂಪ್ಯೂಟರ್, ಫ್ಲಾಪಿಗಳು ಇವೆ. ಗುಜರಿಗೆ ಹಾಕುವ ಮಾತು ನಡೆದಿದೆ. ಏನು ಮಾಡಬೇಕು?

ಉತ್ತರ: ತಡೆಯಿರಿ, ಟೀಚರ್. ಇವತ್ತೇ ಹೆಡ್‌ಮೇಷ್ಟ್ರಿಗೆ ಫೋನ್ ಮಾಡಿ.

ಕೇಂದ್ರ ಸರ್ಕಾರ 1984ರಲ್ಲಿ ಸುಮಾರು 250 ಶಾಲೆಗಳಲ್ಲಿ ಕ್ಲಾಸ್ ಯೋಜನೆ ಶುರು ಮಾಡಿತು. ಅದಕ್ಕೆ ಆರಿಸಿದ್ದು ಬ್ರಿಟನ್ನಿನ ಏಕಾರ್ನ್ ಕಂಪನಿ 1981ರಲ್ಲಿ ತಂದ ಬಿಬಿಸಿ ಮೈಕ್ರೋ. 2 ಮೆಗಾಹರ್ಟ್ಸ್‌ನ 6502 ಪ್ರೊಸೆಸರ್, 32 ಕೆಬಿ ಮೆಮೊರಿ. ಆಮೇಲೆ ಸರ್ಕಾರಿ ಸಂಸ್ಥೆಯಾದ ಸೆಮಿಕಂಡಕ್ಟರ್ ಕಾಂಪ್ಲೆಕ್ಸ್ ಲೈಸೆನ್ಸ್ ಪಡೆದು ಯೂನಿಕಾರ್ನ್ ಹೆಸರಿನಲ್ಲಿ ಇಲ್ಲೇ ತಯಾರಿಸಿತು. ನಿಮ್ಮದರ ಮೇಲೆ ಯಾವ ಹೆಸರಿದೆ ನೋಡಿ.

ಯಾರೋ ಉತ್ಸಾಹಿ 'ಒಂದ್ಸಲ ಆನ್ ಮಾಡಿ ನೋಡೋಣ' ಅಂದರೆ ಬಿಡಬೇಡಿ. ಇದರ ಪವರ್ ಸಪ್ಲೈ ಡಬ್ಬಿಯೊಳಗೇ ಇದೆ. ಅಲ್ಲಿ ಕಾಗದ ಸುತ್ತಿದ, ಹೊರಗೆ ಪಾರದರ್ಶಕ ಮೈಯಿರುವ ಚಿಕ್ಕ ಕೆಪಾಸಿಟರ್‌ಗಳಿವೆ. ವಯಸ್ಸಾದಂತೆ ಮೈ ಸಣ್ಣಗೆ ಬಿರಿದು ತೇವ ಎಳೆದುಕೊಳ್ಳುತ್ತವೆ. ಕರೆಂಟ್ ಕೊಟ್ಟರೆ ಮೊದಲು ಕಂಪ್ಯೂಟರ್ ಚೆನ್ನಾಗಿಯೇ ಓಡುತ್ತದೆ. ಎಲ್ಲರೂ ಚಪ್ಪಾಳೆ ತಟ್ಟುವ ಹೊತ್ತಿಗೆ ಢಬ್ ಎಂದು ಶಬ್ದ, ಕೋಣೆ ತುಂಬ ದಟ್ಟ ಹೊಗೆ. ಆ ವಾಸನೆ ಮೂರು ದಿನ ಹೋಗುವುದಿಲ್ಲ. ಅದೇ ಅಳತೆಯ ಎಕ್ಸ್2 ದರ್ಜೆಯ ಹೊಸ ಕೆಪಾಸಿಟರ್ ಹಾಕಿದರೆ ಮುಗಿಯಿತು, ಬೆಲೆಯೂ ಕಮ್ಮಿ. ಆದರೆ ಅದು ಮೇನ್ಸ್ ಕರೆಂಟ್ ಇರುವ ಜಾಗ. ಕೆಲಸ ಬಲ್ಲವರೇ ಮಾಡಬೇಕು. ಸರಿಯಾದ ಮೇಲೆ ಆನ್ ಮಾಡಿದರೆ ಬೂ-ಬೀಪ್ ಎಂದು ಎರಡು ಸ್ವರ ಕೇಳಬೇಕು. ಒಂದೇ ಸ್ವರ ನಿಲ್ಲದೆ ಬಂದರೆ ಬೋರ್ಡಿನಲ್ಲಿ ಬೇರೆ ತೊಂದರೆ ಇದೆ.

ಇಲ್ಲೂ ನನಗೆ ಬೇಕಾದ್ದು ಫ್ಲಾಪಿ. ಇಂಗ್ಲೆಂಡಿನ ಶಾಲೆಗಳ ಪಾಠಗಳು ಅಲ್ಲಿನವರ ಬಳಿ ಭದ್ರವಾಗಿವೆ. ನಮ್ಮ ಶಿಕ್ಷಕರು ನಮ್ಮ ಮಕ್ಕಳಿಗೆ ಬರೆದ ಲೆಕ್ಕದ ಪಾಠ, ಕ್ವಿಜ್, ಪರೀಕ್ಷೆಯ ಅಂಕಪಟ್ಟಿ ಇದ್ದರೆ ಅದು ಆ ಫ್ಲಾಪಿಗಳಲ್ಲಿ ಮಾತ್ರ. ಐದೂಕಾಲು ಇಂಚಿನ ಫ್ಲಾಪಿ ಡ್ರೈವ್‌ಗೆ ಗ್ರೀಸ್‌ವೀಸಲ್ ಎಂಬ ಚಿಕ್ಕ ಯುಎಸ್‌ಬಿ ಬೋರ್ಡ್ ಜೋಡಿಸಿದರೆ ಈಗಿನ ಲ್ಯಾಪ್‌ಟಾಪ್‌ನಿಂದಲೇ ಪೂರ್ತಿ ನಕಲು ತೆಗೆಯಬಹುದು. ಫ್ಲಾಪಿ ಅಂಚಿನ ಚೌಕಾಕಾರದ ಕಚ್ಚನ್ನು ಅಂಟುಪಟ್ಟಿಯಿಂದ ಮುಚ್ಚಿ, ಬರೆಯಲಾಗದಂತೆ ಮಾಡಿಯೇ ಹಾಕಬೇಕು. ಜೊತೆಗಿನ ನೋಟ್‌ಬುಕ್, ಕೈಬರಹದ ಚೀಟಿ ಇದ್ದರೆ ಫೋಟೋ ತೆಗೆದಿಡಿ.

ಕಾಗದಪತ್ರದ ಕೆಲಸವೂ ಇದೆ. ಸ್ಟಾಕ್ ರಿಜಿಸ್ಟರ್‌ನಲ್ಲಿ ಇರುವ ವಸ್ತುವನ್ನು ಮನೆಗೆ ಒಯ್ಯುವಂತಿಲ್ಲ. ನಕಲು ತೆಗೆಯುವುದಕ್ಕೆ ಆಡಳಿತ ಮಂಡಳಿಯಿಂದ ಬರವಣಿಗೆಯಲ್ಲಿ ಒಪ್ಪಿಗೆ ತಗೊಳ್ಳಿ. ಅಂಕಪಟ್ಟಿ ಸಿಕ್ಕರೆ ಅದನ್ನು ಎಲ್ಲರಿಗೂ ಹಂಚುವುದು ಬೇಡ. ಪಾಪ, ಆ ಹುಡುಗರು ಈಗ ಐವತ್ತರ ಆಸುಪಾಸಿನವರು.

ಪ್ರಶ್ನೆ: ಚಿಕ್ಕವನಿದ್ದಾಗ ಟಿವಿಗೆ ಹಾಕುವ, ಹಳದಿ ಕ್ಯಾಸೆಟ್ ಚುಚ್ಚುವ, ಕೀಬೋರ್ಡ್ ಇರುವ ಗೇಮ್ ಇತ್ತು. ಮಾರಿಯೋ ಆಡ್ತಿದ್ವಿ. ಅದೂ ಹಳೇ ಕಂಪ್ಯೂಟರಾ? — ರಾಜಾಜಿನಗರ

ಉತ್ತರ: ಅರ್ಧ ಹೌದು. ಜಪಾನಿನಲ್ಲಿ 1983ರ ಜುಲೈನಲ್ಲಿ ಬಂದ ನಿಂಟೆಂಡೋ ಫ್ಯಾಮಿಕಾಮ್ ಎಂಬ ಆಟದ ಯಂತ್ರದ ನಕಲು ಅದು. ಕೀಬೋರ್ಡ್ ಸೇರಿಸಿ, ಟೈಪಿಂಗ್ ಪಾಠ, ಬೇಸಿಕ್ ಎಂಬ ಪ್ರೋಗ್ರಾಂ ಭಾಷೆ ಹಾಕಿ, 'ಓದೋಕೂ ಆಗುತ್ತೆ' ಅಂತ ಅಪ್ಪ ಅಮ್ಮನನ್ನು ಒಪ್ಪಿಸುವುದಕ್ಕೆ ಮಾಡಿದ್ದು. 'ಲಕ್ಷಾಂತರ ಆಟ' ಎಂದು ಬರೆದ ಕ್ಯಾಸೆಟ್ಟಿನಲ್ಲಿ ಬೆರಳೆಣಿಕೆಯ ಆಟಗಳೇ ಬೇರೆ ಬೇರೆ ಹೆಸರಿನಲ್ಲಿ ಬರುತ್ತಿದ್ದವು, ನೆನಪಿದೆಯಾ? ಸಿಕ್ಕರೆ ಇಟ್ಟುಕೊಳ್ಳಿ, ನಗಲಿಕ್ಕಾದರೂ ಬೇಕು. ಬಾತುಕೋಳಿ ಹೊಡೆಯುವ ಬಂದೂಕು ಮಾತ್ರ ಹೊಸ ಎಲ್‌ಇಡಿ ಟಿವಿಯಲ್ಲಿ ಕೆಲಸ ಮಾಡುವುದಿಲ್ಲ. ಅದಕ್ಕೆ ಗಾಜಿನ ಪಿಕ್ಚರ್ ಟ್ಯೂಬ್ ಇರುವ ಡುಬ್ಬ ಟಿವಿಯೇ ಬೇಕು.

ಪ್ರಶ್ನೆ: ಅಣ್ಣನ ಮಗ ಅಮೆರಿಕದಿಂದ ಬರುವಾಗ ಕಮೊಡೋರ್ 64, ಅದರ ಡಿಸ್ಕ್ ಡ್ರೈವ್ ತರುತ್ತೇನೆ ಅಂತಿದ್ದಾನೆ. ತರಿಸಲಾ? — ವೈಟ್‌ಫೀಲ್ಡ್

ಉತ್ತರ: ಕಂಪ್ಯೂಟರ್ ತರಲಿ. ಅಡಾಪ್ಟರ್ ಮತ್ತು ಡ್ರೈವ್ ಅಲ್ಲೇ ಬಿಟ್ಟು ಬರಲಿ.

ಕಮೊಡೋರ್ 64 ಕೂಡ 1982ರದ್ದೇ. ಅದರ ಹಳೇ ಅಡಾಪ್ಟರ್ ಎರಡು ತರಹದ ಕರೆಂಟ್ ಕೊಡುತ್ತದೆ, 9 ವೋಲ್ಟ್ ಎಸಿ ಮತ್ತು 5 ವೋಲ್ಟ್ ಡಿಸಿ. ಕೆಡುವಾಗ ಸುಮ್ಮನೆ ಸಾಯುವುದಿಲ್ಲ. ಐದು ವೋಲ್ಟ್ ಮೆಲ್ಲಗೆ ಮೇಲೇರಿ ಒಳಗಿನ ಮೆಮೊರಿ ಚಿಪ್‌ಗಳನ್ನು ಸುಡುತ್ತದೆ. ಮೇಲಾಗಿ ಅಮೆರಿಕದ್ದು 110 ವೋಲ್ಟ್‌ನದು. ನಮ್ಮ 230ಕ್ಕೆ ಚುಚ್ಚಿದರೆ ಅಷ್ಟೇ. ಡ್ರೈವ್‌ನ ಟ್ರಾನ್ಸ್‌ಫಾರ್ಮರೂ ಸಾಮಾನ್ಯವಾಗಿ ಒಳಗೇ ಇರುತ್ತದೆ, ಅದೂ 110ರದೇ. ಈಗ ಹೊಸದಾಗಿ ತಯಾರಾಗುವ ರಕ್ಷಣೆಯಿರುವ ಅಡಾಪ್ಟರ್ 230 ವೋಲ್ಟ್‌ಗೆ ಸಿಗುತ್ತದೆ. ಡ್ರೈವ್ ಬದಲು ಎಸ್‌ಡಿ ಕಾರ್ಡ್ ಹಾಕುವ ಎಸ್‌ಡಿ2ಐಇಸಿ ಎಂಬ ಸಾಧನ ಸಾಕು. ಭಾರವೂ ಕಮ್ಮಿ.

ಒಂದು ಮಾತು ತಿಳಿದಿರಲಿ. ಟಿವಿಗೆ ಚಿತ್ರ ಕಳಿಸುವ ಪದ್ಧತಿ ಅಮೆರಿಕದ್ದು ಎನ್‌ಟಿಎಸ್‌ಸಿ, ನಮ್ಮದು ಮತ್ತು ಯುರೋಪಿನದು ಪಾಲ್. ನಮ್ಮ ಟಿವಿಗಳಲ್ಲಿ ಅನೇಕವು ಎನ್‌ಟಿಎಸ್‌ಸಿ ಚಿತ್ರ ತೋರಿಸುತ್ತವೆ, ಅದು ದೊಡ್ಡ ತೊಂದರೆಯಲ್ಲ. ಆದರೆ ಯುರೋಪಿನವರು ಬರೆದ ಆಟ, ಡೆಮೊಗಳು ಪಾಲ್‌ನ ವೇಗ ನಂಬಿಕೊಂಡಿವೆ. ಕೆಲವು ಎನ್‌ಟಿಎಸ್‌ಸಿ ಯಂತ್ರದಲ್ಲಿ ಅತಿ ವೇಗವಾಗಿ ಓಡುತ್ತವೆ, ಕೆಲವು ಕುಸಿದು ಬೀಳುತ್ತವೆ. ಅಣ್ಣನ ಮಗ ಲಂಡನ್ನಿನಲ್ಲಿ ಇದ್ದಿದ್ದರೆ ಚೆನ್ನಾಗಿತ್ತು.

ಪ್ರಶ್ನೆ: ನಮ್ಮೆಜಮಾನ್ರಿಗೆ ನಿಮ್ಮಂಥವರು ಬರೆಯೋದು ಓದಿ ಓದಿ ಹುಚ್ಚು ಹತ್ತಿದೆ. ಎರಡು ರೂಮಿನ ಮನೆ. ಮಂಚದ ಕೆಳಗೂ ಕಂಪ್ಯೂಟರ್. ಏನು ಹೇಳ್ತೀರಾ? — ವಿಜಯನಗರದ ಗೃಹಿಣಿ

ಉತ್ತರ: ನಿಮ್ಮ ಪಕ್ಷವೇ ನಾನು. ಮಂಚದ ಕೆಳಗೆ ಇಟ್ಟರೆ ಜಿರಳೆ, ಅಟ್ಟದ ಮೇಲೆ ಶೀಟಿನ ಕೆಳಗೆ ಇಟ್ಟರೆ ಬಿಸಿ. ಎರಡೂ ಯಂತ್ರಕ್ಕೆ ಒಳ್ಳೇದಲ್ಲ. ಬೀರುವಿನಲ್ಲಿ ಒಂದು ಖಾನೆ ಕೊಡಿ. ಅದರಲ್ಲಿ ಹಿಡಿಸುವಷ್ಟೇ ಸಂಗ್ರಹ. ಹೊಸದು ಒಳಗೆ ಬರಬೇಕಾದರೆ ಹಳೇದೊಂದು ಹೊರಗೆ. ಡುಬ್ಬ ಟಿವಿ ಮನೆಗೆ ಒಂದೇ. ಅದನ್ನು ಬಿಚ್ಚುವುದಂತೂ ಕೂಡದು, ಆಫ್ ಮಾಡಿದ ಮೇಲೂ ಟ್ಯೂಬಿನಲ್ಲಿ ಜೀವ ತೆಗೆಯುವಷ್ಟು ವೋಲ್ಟೇಜ್ ಉಳಿದಿರಬಹುದು. ಹಳೇ ಪಿಸಿ ಬೋರ್ಡು, ಕಮೊಡೋರ್‌ನವರದೇ ಅಮಿಗಾ ಕಂಪ್ಯೂಟರ್‌ಗಳಲ್ಲಿ ಸೋಲ್ಡರ್ ಮಾಡಿದ ಪೀಪಾಯಿ ಆಕಾರದ ಬ್ಯಾಟರಿ ಇದ್ದರೆ ಈ ವಾರವೇ ಕತ್ತರಿಸಿ ತೆಗೆಯಲಿ. ಅದು ಸೋರಿ ತಾಮ್ರದ ಗೆರೆಗಳನ್ನೇ ತಿನ್ನುತ್ತದೆ.

ಕ್ಯಾಸೆಟ್, ಫ್ಲಾಪಿಗಳನ್ನು ಮಾತ್ರ ನೀವೇ ಎತ್ತಿಡಿ, ದೇವರ ಮನೆ ಬೆಚ್ಚಗಿದೆ ಅಂತ ಅಲ್ಲಿ ಬೇಡ. ಸ್ಪೀಕರ್‌ನಿಂದ ದೂರ, ಒಣಗಿದ ಡಬ್ಬಿಯಲ್ಲಿ, ಒಂದು ಸಿಲಿಕಾ ಪೊಟ್ಟಣದ ಜೊತೆ. ಮಾರುವ ಮಾತು ಬಂದಾಗ ಯಜಮಾನರು ಮೊದಲು ಆ ಡಬ್ಬಿಯನ್ನೇ 'ಇದೆಲ್ಲ ಯಾಕೆ' ಅಂತ ಬಿಸಾಡಲು ನೋಡುತ್ತಾರೆ. ಬಿಡಬೇಡಿ. ಪ್ರಿಂಟರ್‌ಗಳನ್ನು ಇ-ತ್ಯಾಜ್ಯದವರಿಗೆ ಕೊಟ್ಟುಬಿಡಿ, ನಾನು ಹೇಳಿದೆ ಅನ್ನಿ.